ಮೊಣಕಾಲಿಗೆ ಶೇ. 12: ಅಪಘಾತದ ಗಾಯಕ್ಕೆ ಕೋರ್ಟು ಬೆಲೆ ಕಟ್ಟುವುದು ಹೇಗೆ?

"ನೀವು ಈಗ ನಡ್ಕೊಂಡೇ ತಾನೆ ಕೋರ್ಟಿಗೆ ಬಂದಿರೋದು?"

ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ನಮ್ಮ ಚಿಕ್ಕಪ್ಪನಿಗೆ ಕೇಳಿದ ಪ್ರಶ್ನೆ ಇದು. ಚಿಕ್ಕಪ್ಪ "ಹೌದು ಸ್ವಾಮಿ" ಅಂದರು. ಸುಳ್ಳು ಹೇಳೋಕೆ ಅವರಿಗೆ ಬರೋದಿಲ್ಲ. ಆದರೆ ನಡೆಯುವುದು ಅವರ ಕಸುಬಲ್ಲ. ಅವರು ಟೈಲ್ಸ್ ಹಾಕುವ ಮೇಸ್ತ್ರಿ. ದಿನಕ್ಕೆ ಏಳೆಂಟು ತಾಸು ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ. 2021ರಲ್ಲಿ ಕಾರೊಂದು ಗುದ್ದಿ ಬಲ ಮೊಣಕಾಲಿನ ಮೂಳೆ ಮುರಿದ ಮೇಲೆ ಆ ಕಾಲು ಪೂರ್ತಿ ಮಡಚುವುದಿಲ್ಲ. "ಕುಕ್ಕರುಗಾಲಲ್ಲಿ ಕೂರೋಕಾಗುತ್ತಾ?" ಅಂತ ಅವತ್ತು ಯಾರೂ ಕೇಳಲಿಲ್ಲ, ನಮ್ಮ ವಕೀಲರೂ ಕೇಳಲಿಲ್ಲ.

ತೀರ್ಪು ಬಂದ ದಿನ ಅದರ ಪ್ರತಿ ಓದಿ ನನಗೆ ಅರ್ಥವಾಗಿದ್ದು ಕಡಿಮೆ. ಆಮೇಲೆ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಹುಡುಕಿ ಓದುತ್ತಾ ಹೋದೆ. ಈ ಲೆಕ್ಕ ರಹಸ್ಯವೇನೂ ಅಲ್ಲ, ಪಿಯುಸಿ ಗಣಿತಕ್ಕಿಂತ ಸುಲಭ. ಕಷ್ಟ ಇರುವುದು ಆ ಲೆಕ್ಕಕ್ಕೆ ಯಾವ ಅಂಕಿ ಹಾಕುತ್ತಾರೆ ಅನ್ನುವುದರಲ್ಲಿ.

ಪರಿಹಾರದ ಅರ್ಜಿ ಹೋಗುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ. ಬೆಂಗಳೂರಿನಲ್ಲಿ ಇವನ್ನು ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ನೋಡುತ್ತಾರೆ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ತಪ್ಪು ಯಾರದು ಅನ್ನುವುದಕ್ಕೆ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಸಾಕ್ಷ್ಯ ಬೇಕಿಲ್ಲ, ಹೆಚ್ಚು ಸಂಭವ ಯಾವುದು ಅಂತ ನೋಡಿದರೆ ಸಾಕು. 168ನೇ ಸೆಕ್ಷನ್ ಹೇಳುವುದು "ನ್ಯಾಯಯುತ ಪರಿಹಾರ" ಕೊಡಿ ಅಂತ ಮಾತ್ರ. ಎಷ್ಟು ಕೊಟ್ಟರೆ ನ್ಯಾಯಯುತ ಅನ್ನುವುದನ್ನು ಕೋರ್ಟುಗಳೇ ತೀರ್ಪಿಂದ ತೀರ್ಪಿಗೆ ಕಟ್ಟಿಕೊಂಡು ಬಂದಿವೆ.

ಗಾಯಾಳುಗಳ ವಿಷಯದಲ್ಲಿ ಎಲ್ಲರೂ ಹಿಡಿದುಕೊಳ್ಳುವ ತೀರ್ಪು 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್. ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಆ ತೀರ್ಪು ಪರಿಹಾರವನ್ನು ಎರಡು ಭಾಗ ಮಾಡುತ್ತದೆ. ಒಂದು, ಲೆಕ್ಕ ಹಾಕಬಹುದಾದ ನಷ್ಟ: ಆಸ್ಪತ್ರೆ, ಔಷಧಿ, ಓಡಾಟ, ಪೌಷ್ಟಿಕ ಆಹಾರದ ಖರ್ಚು, ಹಾಸಿಗೆ ಹಿಡಿದಿದ್ದಾಗ ತಪ್ಪಿದ ಸಂಪಾದನೆ, ಶಾಶ್ವತ ಊನದಿಂದ ಮುಂದೆ ತಪ್ಪುವ ಸಂಪಾದನೆ, ಮುಂದಿನ ಚಿಕಿತ್ಸೆ. ಇನ್ನೊಂದು, ಲೆಕ್ಕಕ್ಕೆ ಸಿಗದ್ದು: ನೋವು, ಬದುಕಿನ ಸಣ್ಣಪುಟ್ಟ ಸುಖಗಳ ನಷ್ಟ, ಮದುವೆಯ ಅವಕಾಶ ತಪ್ಪುವುದು, ಆಯಸ್ಸು ಕಡಿಮೆಯಾಗುವುದು. ಸಾಮಾನ್ಯ ಗಾಯಕ್ಕೆ ಚಿಕಿತ್ಸೆ ಖರ್ಚು, ಆ ಅವಧಿಯ ಸಂಪಾದನೆ, ನೋವಿನ ಪರಿಹಾರ ಇಷ್ಟೇ. ಶಾಶ್ವತ ಊನ ಇದ್ದರೆ ಮಾತ್ರ ಉಳಿದವು.

ಚಿಕಿತ್ಸೆ ಖರ್ಚಿನ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಬಿಲ್ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಬಹುತೇಕ ಇಲ್ಲ. ಮನೆಗೆ ಬಂದು ಫಿಸಿಯೋಥೆರಪಿ ಮಾಡಿದ ಹುಡುಗನಿಗೆ ನಾವು ಮೂರು ತಿಂಗಳು ಕೈಯಲ್ಲೇ ದುಡ್ಡು ಕೊಟ್ಟೆವು. ಅದರಲ್ಲಿ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ.

ದೇಹದ ಊನ ಬೇರೆ, ದುಡಿಮೆಯ ಊನ ಬೇರೆ

ಜಗಳ ಇರುವುದೆಲ್ಲ ಮುಂದಿನ ಸಂಪಾದನೆಯ ನಷ್ಟದ ಮೇಲೆ. ಸೂತ್ರ ಹೀಗಿದೆ: ವರ್ಷದ ಆದಾಯವನ್ನು ವಯಸ್ಸಿನ ಗುಣಕದಿಂದ ಗುಣಿಸಿ, ಅದರಲ್ಲಿ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಗಿದೆಯೋ ಅಷ್ಟು ಭಾಗ ತೆಗೆಯುವುದು. ಗುಣಕದ ಪಟ್ಟಿಯನ್ನು 2009ರ ಸರಳಾ ವರ್ಮಾ ತೀರ್ಪು ಖಾಯಂ ಮಾಡಿದೆ. 25 ವರ್ಷದವರೆಗೆ 18, 26ರಿಂದ 30ಕ್ಕೆ 17, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, ಹೀಗೇ ಇಳಿಯುತ್ತಾ 65 ದಾಟಿದರೆ 5. ಇದರ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ.

ತಕರಾರು ಶೇಕಡಾವಾರಿನ ಬಗ್ಗೆ. ವೈದ್ಯರು ಮೊದಲು ಆ ಅಂಗಕ್ಕೆ ಎಷ್ಟು ಊನ ಅಂತ ಹೇಳುತ್ತಾರೆ. ನಮ್ಮಲ್ಲಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಅಂತ ಹಿಡಿಯುವ ರೂಢಿ ಬೆಳೆದಿದೆ. ಚಿಕ್ಕಪ್ಪನ ಕಾಲಿಗೆ ಶೇ. 36 ಅಂದರು, ದೇಹಕ್ಕೆ ಶೇ. 12 ಆಯಿತು. ನ್ಯಾಯಮಂಡಳಿ ಅದೇ 12ನ್ನು ಎತ್ತಿ ಸಂಪಾದನೆಯ ನಷ್ಟದ ಜಾಗಕ್ಕೆ ಹಾಕಿಬಿಟ್ಟಿತು.

ಹಾಗೆ ಯಾಂತ್ರಿಕವಾಗಿ ಹಾಕಬಾರದು ಅನ್ನುವುದೇ ರಾಜ್ ಕುಮಾರ್ ತೀರ್ಪಿನ ಮುಖ್ಯ ಮಾತು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು, ಸಂಬಳವೂ ಉಳಿಯಬಹುದು. ಹಾಗಾಗಿ ಮೂರು ಹಂತ: ಗಾಯಾಳು ಈಗ ಏನು ಮಾಡಬಲ್ಲ, ಏನು ಮಾಡಲಾರ ಅಂತ ನೋಡಬೇಕು. ಅಪಘಾತಕ್ಕೆ ಮುಂಚಿನ ಕಸುಬು, ವಯಸ್ಸು ನೋಡಬೇಕು. ಆಮೇಲೆ ಅದೇ ಕಸುಬು ಮುಂದುವರಿಸಲು ಆಗುತ್ತದೋ, ಬೇರೆ ಏನಾದರೂ ಮಾಡಿ ಬದುಕಬಹುದೋ ಅಂತ ತೀರ್ಮಾನಿಸಬೇಕು. ಉದಾರವಾಗಿ ಊನದ ಸರ್ಟಿಫಿಕೇಟ್ ಕೊಡುವ ವೈದ್ಯರ ಬಗ್ಗೆಯೂ ಆ ತೀರ್ಪಿನಲ್ಲಿ ಎಚ್ಚರಿಕೆ ಇದೆ. ಕಂಪನಿಯ ವಕೀಲರು ಆ ಭಾಗವನ್ನು ಮಾತ್ರ ಚೆನ್ನಾಗಿ ಓದಿಕೊಂಡಿರುತ್ತಾರೆ.

2014ರಲ್ಲಿ ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ, ಕಾಲು ಕತ್ತರಿಸಬೇಕಾಗಿ ಬಂದ ತರಕಾರಿ ವ್ಯಾಪಾರಿಯ ದುಡಿಮೆಯ ನಷ್ಟವನ್ನು ಸುಪ್ರೀಂ ಕೋರ್ಟ್ ಶೇ. 85 ಅಂತ ಹಿಡಿಯಿತು. ಅಸಂಘಟಿತ ವಲಯದಲ್ಲಿ ಸ್ವಂತಕ್ಕೆ ದುಡಿಯುವವನಿಂದ ಆದಾಯದ ದಾಖಲೆ ನಿರೀಕ್ಷಿಸಲಾಗದು ಅಂತಲೂ ಹೇಳಿತು.

ರಸೀದಿ ಇಲ್ಲದವರ ಆದಾಯ

ನನಗೆ ಹೆಚ್ಚು ಸಿಟ್ಟು ಬರಿಸುವುದು ಈ ಆದಾಯದ ವಿಚಾರ. ಸ್ಯಾಲರಿ ಸ್ಲಿಪ್, ಐಟಿ ರಿಟರ್ನ್ಸ್ ಇದ್ದವರಿಗೆ ಅದೇ ಆಧಾರ. ಇಲ್ಲದವರಿಗೆ "ಕಾಲ್ಪನಿಕ ಆದಾಯ". ರಾಜ್ಯದಲ್ಲಿ ಲೋಕ ಅದಾಲತ್‌ಗಳಿಗಾಗಿ ಕಾನೂನು ಸೇವಾ ಪ್ರಾಧಿಕಾರ ಮಾಡಿದ ಪಟ್ಟಿಯೊಂದಿದೆ: ಅಪಘಾತ ಯಾವ ವರ್ಷ ಆಯಿತೋ ಆ ವರ್ಷಕ್ಕೆ ತಿಂಗಳಿಗೆ ಇಷ್ಟು ಅಂತ. ಹೈಕೋರ್ಟೂ ಅದನ್ನು ಬಳಸುತ್ತದೆ. ದಾಖಲೆಯೇ ಇಲ್ಲದವರಿಗೆ ಇದರಿಂದ ಒಂದು ನೆಲ ಸಿಕ್ಕಿತು, ಒಪ್ಪೋಣ. ಆದರೆ ನೆಲ ಅಂತ ಹಾಕಿದ್ದು ಎಷ್ಟೋ ಸಲ ಚಾವಣಿಯಾಗುತ್ತದೆ. ನುರಿತ ಮೇಸ್ತ್ರಿಗೂ ಅದೇ, ಕೆಲಸ ಕಲಿಯೋಕೆ ಬಂದ ಹುಡುಗನಿಗೂ ಅದೇ. ಚಿಕ್ಕಪ್ಪ ತಿಂಗಳಿಗೆ 25,000 ದುಡಿಯುತ್ತಿದ್ದರು. ನ್ಯಾಯಮಂಡಳಿ ಹಿಡಿದದ್ದು 14,000.

ಭವಿಷ್ಯದಲ್ಲಿ ಆದಾಯ ಏರುತ್ತದಲ್ವಾ, ಅದಕ್ಕೂ ಲೆಕ್ಕ ಇದೆ. 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಸ್ವಂತ ದುಡಿಮೆಯವರಿಗೆ 40ರೊಳಗಿದ್ದರೆ ಶೇ. 40, 40ರಿಂದ 50ಕ್ಕೆ ಶೇ. 25, 50ರಿಂದ 60ಕ್ಕೆ ಶೇ. 10 ಸೇರಿಸಿ ಅಂದಿತು. ಅದು ಸಾವಿನ ಪ್ರಕರಣ. ಶಾಶ್ವತ ಊನವಾದ ಗಾಯಾಳುಗಳಿಗೂ ಇದು ಸಲ್ಲಬೇಕು ಅಂತ 2020ರ ಪಪ್ಪು ದೇವ್ ಯಾದವ್ ತೀರ್ಪು ಹೇಳಿದೆ. ಆದರೂ ಎಷ್ಟೋ ಆದೇಶಗಳಲ್ಲಿ ಇದು ಬಿಟ್ಟುಹೋಗುತ್ತದೆ. ನಮ್ಮದರಲ್ಲೂ ಹಾಗೇ ಆಯಿತು.

ಈಗ ಲೆಕ್ಕ ನೋಡಿ. ಅಪಘಾತವಾದಾಗ ಚಿಕ್ಕಪ್ಪನಿಗೆ 43, ಗುಣಕ 14. ನ್ಯಾಯಮಂಡಳಿಯ ಲೆಕ್ಕ: 14,000ವನ್ನು 12ರಿಂದ, ಆಮೇಲೆ 14ರಿಂದ ಗುಣಿಸಿ ಶೇ. 12 ತೆಗೆದರೆ 2,82,240 ರೂಪಾಯಿ. ಆದಾಯ ಅದೇ 14,000 ಇರಲಿ, ಶೇ. 25 ಭವಿಷ್ಯದ ಏರಿಕೆ ಸೇರಿಸಿ, ದುಡಿಮೆಯ ನಷ್ಟವನ್ನು ಶೇ. 40 ಅಂತ ಹಿಡಿಯಿರಿ: 11,76,000. ಅದೇ ಮನುಷ್ಯ, ಅದೇ ಮೊಣಕಾಲು, ಅದೇ ಸೂತ್ರ. ವ್ಯತ್ಯಾಸ ನಾಲ್ಕು ಪಟ್ಟಿಗಿಂತ ಹೆಚ್ಚು.

ಈ ವ್ಯವಸ್ಥೆಯ ಬುಡದಲ್ಲೇ ಒಂದು ಪ್ರಶ್ನೆ ಇದೆ. ಸಂಪಾದನೆಯ ಮೇಲೆ ಪರಿಹಾರ ನಿಂತಿರುವುದರಿಂದ ಶ್ರೀಮಂತನ ಕಾಲು ಬಡವನ ಕಾಲಿಗಿಂತ ದುಬಾರಿ. ನೋವು, ಸುಖದ ನಷ್ಟದಂಥ ಬಾಬತ್ತುಗಳಾದರೂ ಎಲ್ಲರಿಗೂ ಸಮ ಇರಬಹುದಿತ್ತು, ಆದರೆ ಅಲ್ಲಿ ಸಿಗುವ ಮೊತ್ತ ಚಿಕ್ಕದು. ಮನೆಕೆಲಸಕ್ಕೂ ಬೆಲೆ ಕಟ್ಟಬೇಕು ಅಂತ 2021ರ ಕೀರ್ತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿತು. ಅಲ್ಲಿಗೂ ಬೆಲೆ ಕಟ್ಟೋದು ಕಾಲ್ಪನಿಕ ಆದಾಯದಿಂದಲೇ.

ನಿಮ್ಮ ಮನೆಯಲ್ಲೇ ಯಾರಿಗಾದರೂ ಹೀಗಾದರೆ ಮೊದಲು ತಾರೀಖು ಬರೆದಿಟ್ಟುಕೊಳ್ಳಿ. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುತ್ತದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಅದನ್ನು ನಂಬಿಕೊಂಡು ಸುಮ್ಮನೆ ಕೂರಬೇಡಿ. ಡೆಲಿವರಿ, ಕ್ಯಾಬ್ ಕೆಲಸ ಮಾಡುವವರು ಆ್ಯಪಿನ ವಾರದ ಪೇಔಟ್ ಸ್ಕ್ರೀನ್‌ಶಾಟ್ ತೆಗೆದಿಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ. ಮೇಸ್ತ್ರಿಗಳಾದರೆ ಕೆಲಸ ಕೊಟ್ಟ ಒಬ್ಬಿಬ್ಬರನ್ನಾದರೂ ಸಾಕ್ಷಿಗೆ ಕರೆಸಿ. ನಾವು ಕರೆಸಲಿಲ್ಲ. ಬೈಕಿನಲ್ಲಿ ಮೂವರಿದ್ದರು ಅನ್ನುವ ಕಾರಣಕ್ಕೇ ಪರಿಹಾರ ಕಡಿತ ಮಾಡುವಂತಿಲ್ಲ ಅಂತ 2020ರ ತೀರ್ಪಿದೆ. ಅಪಘಾತಕ್ಕೆ ಅಥವಾ ಗಾಯ ಹೆಚ್ಚಾಗಲು ಅದೇ ಕಾರಣ ಅಂತ ಎದುರಿನವರು ತೋರಿಸಬೇಕು. ಕೇಳಿದ ಮೊತ್ತಕ್ಕಿಂತ ಹೆಚ್ಚು ಕೊಡಲೂ ಕೋರ್ಟಿಗೆ ಅಧಿಕಾರವಿದೆ. ಇದನ್ನು ಹೇಳಿದ 2002ರ ನಾಗಪ್ಪ ತೀರ್ಪೂ ಕರ್ನಾಟಕದ ಕೇಸಿನಿಂದಲೇ ಬಂದದ್ದು.

ವೈದ್ಯರ ಸಾಕ್ಷ್ಯದ ದಿನ ನೀವೂ ಹೋಗಿ. ಕಸುಬಿನಲ್ಲಿ ಕಾಲು, ಕೈ, ಬೆನ್ನು ಏನೇನು ಮಾಡಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ವಕೀಲರ ಕೈಗೆ ಕೊಡಿ. ಬಗ್ಗುವುದು, ಮಂಡಿ ಊರುವುದು, ಮೂಟೆ ಹೊತ್ತು ಮೆಟ್ಟಿಲು ಹತ್ತುವುದು, ಎಲ್ಲವನ್ನೂ. ಅವರ ಕೈಯಲ್ಲಿ ಅದೇ ದಿನ ಇನ್ನೂ ಹತ್ತು ಕೇಸು ಇರುತ್ತವೆ.

ನಾವು ಹೈಕೋರ್ಟಿಗೆ ಮೇಲ್ಮನವಿ ಹಾಕಿದ್ದೇವೆ. ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ, ದುಡ್ಡು ಬೇಗ ಬರುತ್ತೆ ಅಂತ ಕಂಪನಿ ಕಡೆಯಿಂದ ಒಮ್ಮೆ ಫೋನ್ ಬಂದಿತ್ತು. ಚಿಕ್ಕಪ್ಪ ಈಗ ಒಬ್ಬ ಕಂಟ್ರಾಕ್ಟರ್ ಹತ್ತಿರ ಸಾಮಾನಿನ ಲೆಕ್ಕ ನೋಡಿಕೊಳ್ಳುತ್ತಾರೆ, ತಿಂಗಳಿಗೆ 11,000. ಹುಡುಗರು ಹಾಕಿದ ಟೈಲ್ಸ್ ಸೊಟ್ಟ ಕಂಡರೆ ನಿಂತಲ್ಲಿಂದಲೇ ಬೈತಾರೆ.