ಸುಷುಮ್ನೆಯೂ ಬೆನ್ನುಹುರಿಯೂ

ವಚನ ವಾಙ್ಮಯಕ್ಕೆ ಟೀಕೆ ಬರೆಯುವಾಗಲೂ ಅದನ್ನು ಪಾಠ ಹೇಳುವಾಗಲೂ ‘ಸುಷುಮ್ನೆ’ ಎಂಬ ಪದ ಬಂದೆಡೆ ‘ಎಂದರೆ ಬೆನ್ನುಹುರಿ’ ಎಂದು ಅರ್ಥ ಹೇಳಿ ಮುಂದೆ ಸಾಗುವ ವಾಡಿಕೆಯುಂಟು. ಈ ಸಮೀಕರಣವು ಎಷ್ಟು ಹಳೆಯದು, ಯಾವ ಆಧಾರದ ಮೇಲೆ ನಿಂತಿದೆ, ಇದರಿಂದ ಗ್ರಂಥಾರ್ಥಕ್ಕೂ ಶರೀರಜ್ಞಾನಕ್ಕೂ ಒದಗುವ ಲಾಭನಷ್ಟಗಳಾವುವು ಎಂಬುದು ವಿಚಾರಾರ್ಹವಾಗಿದೆ.

ಮೊದಲು ಶಬ್ದಗಳನ್ನು ನೋಡತಕ್ಕದ್ದು. ‘ಹುರಿ’ ಎಂಬುದು ಹಳಗನ್ನಡದ ‘ಪುರಿ’. ತಮಿಳಿನಲ್ಲಿಯೂ ಇದೇ ಧಾತುವುಂಟು. ಎಳೆಗಳನ್ನು ಸೇರಿಸಿ ಹೊಸೆದದ್ದೇ ಹುರಿ. ‘ನರ’ವಾದರೋ ಅರ್ಥದಲ್ಲಿ ಸಡಿಲವಾದ ಪದವು. ಸ್ನಾಯುರಜ್ಜು, ರಕ್ತನಾಳ, ಸಂವೇದನೆಯ ತಂತು—ಈ ಮೂರನ್ನೂ ಆಡುಮಾತು ಈ ಒಂದೇ ಹೆಸರಿನಿಂದ ಕರೆಯುತ್ತದೆ. ‘ಮೇರುದಂಡ’ವು ವಿಶ್ವಕ್ಕೆ ಮೇರುವು ಹೇಗೋ ದೇಹಕ್ಕೆ ಬೆನ್ನೆಲುಬು ಹಾಗೆ ಎಂಬ ಭಾವನೆಯಿಂದ ಹುಟ್ಟಿದುದು. ಹೀಗೆ ಒಂದು ಪದ ನೂಲುವವನ ಕೈಯಿಂದಲೂ ಇನ್ನೊಂದು ಪುರಾಣದ ಭೂಗೋಲದಿಂದಲೂ ಬಂದಿವೆ. ಎರಡರ ಮನೆತನವೂ ಬೇರೆ.

ಪ್ರಾಚೀನ ವೈದ್ಯರು ಬೆನ್ನಿನ ಎಲುಬುಗಳನ್ನು ಎಣಿಸಿದ್ದರು. ಚರಕನ ಲೆಕ್ಕದಲ್ಲಿ ಅವು ೪೫, ಸುಶ್ರುತನ ಲೆಕ್ಕದಲ್ಲಿ ೩೦. ಈಗಿನ ಎಣಿಕೆಯಂತೆ ಶಿಶುವಿನಲ್ಲಿ ೩೩ ಕಶೇರುಗಳಿರುವುವು. ಸುಶ್ರುತನು ಸತ್ಯಕ್ಕೆ ಇಷ್ಟು ಸಮೀಪಕ್ಕೆ ಬಂದುದು ಶವಪರೀಕ್ಷೆಯ ಬಲದಿಂದ. ಆದರೆ ಆತನು ಹೇಳಿದ ವಿಧಾನದಲ್ಲಿ ಶವವನ್ನು ಹುಲ್ಲಿನಲ್ಲಿ ಸುತ್ತಿ, ಹರಿವ ನೀರಿನಲ್ಲಿ ಏಳು ರಾತ್ರಿ ಕೊಳೆಯಿಸಿ, ಬಳಿಕ ಕುಂಚದಿಂದ ಮೆಲ್ಲಗೆ ತಿಕ್ಕಿ ಪದರಪದರವಾಗಿ ನೋಡಬೇಕು. ಇದರಿಂದ ಎಲುಬು ಉಳಿಯುತ್ತದೆ. ಎಲುಬಿನ ಕೊಳವೆಯೊಳಗೆ ಅಡಗಿರುವ ಬೆಣ್ಣೆಯಂತಹ ಮೃದುವಸ್ತು ಉಳಿಯಲಾರದು. ಬೆನ್ನುಹುರಿಯ ಸ್ಪಷ್ಟವಾದ ವರ್ಣನೆ ಆಯುರ್ವೇದದಲ್ಲಿ ದೊರೆಯದಿರುವುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು. ಕನ್ನಡದಲ್ಲಿ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೂ ಮಂಗರಾಜನ ‘ಖಗೇಂದ್ರಮಣಿದರ್ಪಣ’ವೂ ಚಿಕಿತ್ಸಾಗ್ರಂಥಗಳು; ಶರೀರಚ್ಛೇದನವು ಅವುಗಳ ವಿಷಯವಲ್ಲ.

ಯೋಗಶಾಸ್ತ್ರದ ಸುಷುಮ್ನೆ ಬೇರೊಂದು ಹಾದಿಯಲ್ಲಿ ಕನ್ನಡಕ್ಕೆ ಬಂದಿತು. ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳೂ ಆಧಾರದಿಂದ ಆಜ್ಞೆಯವರೆಗಿನ ಆರು ಚಕ್ರಗಳೂ ೧೨ನೆಯ ಶತಮಾನದ ಶರಣರ ವಚನಗಳಲ್ಲಿ ಕಾಣುತ್ತವೆ. ಚೆನ್ನಬಸವಣ್ಣನ ‘ಕರಣಹಸುಗೆ’ಯು ದೇಹವನ್ನು ತತ್ತ್ವಗಳಾಗಿ ವಿಂಗಡಿಸುತ್ತದೆ. ಅಲ್ಲಿಯ ದೇಹವು ಸಾಧಕನು ಏರಬೇಕಾದ ಮೆಟ್ಟಿಲು. ವೈದ್ಯನು ಸೀಳಿ ನೋಡಬೇಕಾದ ವಸ್ತುವಲ್ಲ.

ಇತ್ತ ಪಶ್ಚಿಮದಲ್ಲಿ ೨ನೆಯ ಶತಮಾನದ ಗೇಲನ್ನನು ಪ್ರಾಣಿಗಳ ಬೆನ್ನುಹುರಿಯನ್ನು ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿ, ಕತ್ತರಿಸಿದ ಎಡೆಯಿಂದ ಕೆಳಗಿನ ಅಂಗಗಳು ಜಡವಾಗುವುದನ್ನೂ, ಕುತ್ತಿಗೆಯ ಮೇಲ್ಭಾಗದಲ್ಲಿ ಕತ್ತರಿಸಿದರೆ ಉಸಿರೇ ನಿಲ್ಲುವುದನ್ನೂ ಕಂಡನು. ಆದರೂ ಅದನ್ನು ‘ಮಜ್ಜೆ’ ಎನ್ನುವ ಹೆಸರು ಲ್ಯಾಟಿನಿನಲ್ಲಿ ಹಾಗೆಯೇ ಉಳಿಯಿತು. ೧೮೧೧ರಲ್ಲಿ ಚಾರ್ಲ್ಸ್ ಬೆಲ್ಲನು ಮುಂಬೇರುಗಳನ್ನು ಕೆಣಕಿದರೆ ಮಾಂಸಖಂಡಗಳು ಸೆಳೆಯುವುವೆಂದು ತೋರಿಸಿದನು. ೧೮೨೨ರಲ್ಲಿ ಮಾಜೆಂಡೀ ಎಂಬ ಫ್ರೆಂಚ್ ವಿದ್ವಾಂಸನು ಹಿಂಬೇರುಗಳನ್ನು ಕತ್ತರಿಸಿದರೆ ಸ್ಪರ್ಶಜ್ಞಾನವೂ ಮುಂಬೇರುಗಳನ್ನು ಕತ್ತರಿಸಿದರೆ ಚಲನೆಯೂ ಹೋಗುವುದೆಂದು ಸಿದ್ಧಪಡಿಸಿದನು. ಈ ಎರಡು ಬೇರುಗಳು ಕೂಡಿ ಒಂದೊಂದು ನರವಾಗುವುದು. ಕುತ್ತಿಗೆಯಲ್ಲಿ ೮, ಎದೆಯಲ್ಲಿ ೧೨, ಸೊಂಟದಲ್ಲಿ ೫, ತ್ರಿಕದಲ್ಲಿ ೫, ಬಾಲಾಸ್ಥಿಯಲ್ಲಿ ೧—ಹೀಗೆ ಒಟ್ಟು ೩೧ ಜೊತೆಗಳು. ಹುರಿಯಾದರೋ ಬೆನ್ನೆಲುಬಿನಷ್ಟು ಉದ್ದವಿಲ್ಲ. ಸುಮಾರು ೪೫ ಸೆಂಟಿಮೀಟರಿನಷ್ಟಿದ್ದು, ಪ್ರೌಢರಲ್ಲಿ ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುವಿನ ಬಳಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇಳಿಯುವುದು ಕುದುರೆಯ ಬಾಲದಂತಹ ನರಗಳ ಗೊಂಚಲು ಮಾತ್ರ.

ಈ ಎರಡು ಹಾದಿಗಳನ್ನು ಕೂಡಿಸುವ ಯತ್ನವು ಅರ್ವಾಚೀನವಾದುದು. ಬ್ರಜೇಂದ್ರನಾಥ ಸೀಲರು ೧೯೧೫ರಲ್ಲಿ ಪ್ರಕಟಿಸಿದ, ಪ್ರಾಚೀನ ಹಿಂದೂಗಳ ವಿಜ್ಞಾನವನ್ನು ಕುರಿತ ಗ್ರಂಥದಲ್ಲಿ ಸುಷುಮ್ನೆಯನ್ನು ಬೆನ್ನುಹುರಿಯೆಂದೂ ಇಡಾಪಿಂಗಳೆಗಳನ್ನು ಅದರ ಇಕ್ಕೆಲದ ನರಗ್ರಂಥಿಗಳ ಸಾಲೆಂದೂ ಗುರುತಿಸಿದರು. ಅವರೇ ೧೯೨೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದರು. ೧೯೨೭ರಲ್ಲಿ ಮುಂಬಯಿಯ ವೈದ್ಯ ವಸಂತ ರೇಲೆಯವರು ಕುಂಡಲಿನಿಯನ್ನು ಮಿದುಳಿನಿಂದ ಇಳಿಯುವ ಒಂದು ನರವೆಂದು ವಾದಿಸಿದರು. ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಉಂಟು. ೧೮೭೯-೮೦ರಲ್ಲಿ ‘ಥಿಯಾಸೊಫಿಸ್ಟ್’ ಪತ್ರಿಕೆಯಲ್ಲಿ ಬಂದ ಆತ್ಮಕಥನದಲ್ಲಿ ದಯಾನಂದ ಸರಸ್ವತಿಯವರು ನದಿಯಲ್ಲಿ ತೇಲಿಬಂದ ಶವವನ್ನು ತಾವೇ ಸೀಳಿ, ಚಕ್ರಗಳನ್ನು ಕಾಣದೆ, ಆ ಪುಸ್ತಕಗಳನ್ನು ಹರಿದು ನೀರಿಗೆ ಎಸೆದುದನ್ನು ಹೇಳಿದ್ದಾರೆ. ಒಬ್ಬರು ಗ್ರಂಥವನ್ನು ಉಳಿಸಲು ದೇಹವನ್ನು ಹೊಂದಿಸಿಕೊಂಡರು. ಇನ್ನೊಬ್ಬರು ದೇಹವನ್ನು ಕಂಡು ಗ್ರಂಥವನ್ನು ತೊರೆದರು. ಗ್ರಂಥವು ಶರೀರರಚನೆಯನ್ನೇ ಹೇಳುತ್ತಿದೆ ಎಂಬ ನಂಬಿಕೆ ಮಾತ್ರ ಇಬ್ಬರಿಗೂ ಸಮಾನವಾಗಿತ್ತು.

ಈ ನಂಬಿಕೆಯೇ ನಿಲ್ಲದು. ಸ್ಥಾನವೊಂದನ್ನು ಬಿಟ್ಟರೆ ಸುಷುಮ್ನೆಗೂ ಬೆನ್ನುಹುರಿಗೂ ಲಕ್ಷಣಸಾಮ್ಯವಿಲ್ಲ. ಸುಷುಮ್ನೆಯ ದ್ವಾರವು ಸಾಮಾನ್ಯರಲ್ಲಿ ಮುಚ್ಚಿದ್ದು ಸಾಧನೆಯಿಂದ ತೆರೆಯತಕ್ಕದ್ದು. ಬೆನ್ನುಹುರಿ ಯೋಗಿಯಲ್ಲಿಯೂ ಭೋಗಿಯಲ್ಲಿಯೂ ಹುಟ್ಟಿನಿಂದ ಸಮನಾಗಿ ದುಡಿಯುವುದು. ಅಲ್ಲಿ ಹೇಳುವ ಗತಿ ಊರ್ಧ್ವಮುಖ. ಇಲ್ಲಿ ಸಂವೇದನೆ ಮೇಲಕ್ಕೂ ಆಜ್ಞೆ ಕೆಳಕ್ಕೂ ಸಾಗುವುವು. ಚಕ್ರಗಳು ಆರು, ನರಗಳು ೩೧ ಜೊತೆ. ಮೂಲಾಧಾರವಿರುವ ಎಡೆಗೆ ಹುರಿಯು ತಲುಪುವುದೇ ಇಲ್ಲ.

ಈ ವಿವೇಕವು ಪಂಡಿತರ ಕೊಠಡಿಗಷ್ಟೇ ಸೇರಿದುದಲ್ಲ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ನರ ವ್ಯವಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್, ೧೯೭೦ರ ದಶಕದಲ್ಲಿ ಬೆಳೆದ ಪೀಣ್ಯದ ಯಂತ್ರಶಾಲೆಗಳು, ಕೋನಪ್ಪನ ಅಗ್ರಹಾರ ದೊಡ್ಡತೋಗೂರುಗಳ ನೆಲದಲ್ಲಿ ಎದ್ದ ಎಲೆಕ್ಟ್ರಾನಿಕ್ ಸಿಟಿ—ಬೆಂಗಳೂರಿನ ಈ ಹೊರವಲಯದಲ್ಲಿ ‘ಬೆನ್ನುಹುರಿ’ ಎಂಬ ಪದವು ಪುಸ್ತಕದಿಂದ ಇಳಿದು ಬದುಕಿನ ಮಾತಾಗಿದೆ. ಸಾರುವೆಯಿಂದ ಬಿದ್ದವನ, ಹೆದ್ದಾರಿಯಲ್ಲಿ ಉರುಳಿದವನ ಮನೆಯವರು ಆಸ್ಪತ್ರೆಯಲ್ಲಿ ಮೊದಲು ಕೇಳುವ ಪದ ಅದು. ೧೯೭೪ರಲ್ಲಿ ರೂಪುಗೊಂಡ ನಿಮ್ಹಾನ್ಸ್ ನಗರದಲ್ಲಿಯೂ, ೨೦೦೧ರಲ್ಲಿ ತೆರೆದ ಸತ್ಯಸಾಯಿ ಆಸ್ಪತ್ರೆ ವೈಟ್‌ಫೀಲ್ಡಿನಲ್ಲಿಯೂ ನರಶಸ್ತ್ರವೈದ್ಯವನ್ನು ನಡೆಸುತ್ತಿವೆ. ಗೇಲನ್ನನು ಕಂಡ ನಿಯಮವೇ ಅಲ್ಲಿಯ ಹಾಸಿಗೆಯ ಬಳಿ ತೀರ್ಪು ಹೇಳುವುದು: ಎದೆಯ ಮಟ್ಟದಲ್ಲಿ ಹುರಿ ಕಡಿದರೆ ಕಾಲುಗಳು, ಕುತ್ತಿಗೆಯಲ್ಲಿ ಕಡಿದರೆ ಕೈಗಳೂ, ಇನ್ನೂ ಮೇಲೆ ಕಡಿದರೆ ವಪೆಯ ಉಸಿರಾಟವೂ ಹೋಗುವುವು. ಹುರಿಯಿಂದ ಹೊರಗಿನ ನರವು ಕಡಿದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮರಳಿ ಬೆಳೆಯಬಲ್ಲುದು; ಪ್ರೌಢರ ಹುರಿಯೊಳಗಿನ ಎಳೆಗಳು ಹಾಗೆ ಬೆಳೆದು ಕೂಡಲಾರವು. ಆದುದರಿಂದಲೇ ಬಿದ್ದವನನ್ನು ಕೈಕಾಲು ಹಿಡಿದು ಮಡಿಸಿ ಎತ್ತದೆ, ತಲೆ ಕುತ್ತಿಗೆ ಬೆನ್ನುಗಳನ್ನು ಒಂದೇ ಸರಳರೇಖೆಯಲ್ಲಿರಿಸಿ ಹಲಗೆಯ ಮೇಲೆ ಸಾಗಿಸಬೇಕೆಂಬ ನಿಯಮವಿದೆ.

‘ಸುಷುಮ್ನೆಯೇ ಬೆನ್ನುಹುರಿ’ ಎಂದು ಶಾಲೆಯಲ್ಲಿ ಕಲಿತವನು, ಸಾಧನೆಯಿಂದ ಸುಷುಮ್ನೆ ತೆರೆಯುವಂತೆ ಕಡಿದ ಹುರಿಯೂ ಕೂಡೀತೆಂದು ಭಾವಿಸಿದರೆ ತಪ್ಪು ಅವನದಲ್ಲ. ಅರ್ಥ ಹೇಳಿದ ಟೀಕೆಯದು. ಶರಣರ ಸುಷುಮ್ನೆಯನ್ನು ಅನುಭಾವದ ಮಾರ್ಗವೆಂದೂ ವೈದ್ಯರ ಬೆನ್ನುಹುರಿಯನ್ನು ದೇಹದ ಅಂಗವೆಂದೂ ಬೇರೆಬೇರೆಯಾಗಿ ವಿವರಿಸುವುದರಿಂದ ಎರಡಕ್ಕೂ ಗೌರವವುಂಟಾಗುವುದು. ವಚನಕ್ಕೆ ವಿಜ್ಞಾನದ ಊರುಗೋಲು ಬೇಕಾಗಿಲ್ಲ. ಊರುಗೋಲು ಬೇಕಾದವನಿಗೆ ನಿಜವಾದ ಮಾತು ಬೇಕಾಗಿದೆ.