ಇದ್ದುದನ್ನು ಇದ್ದಲ್ಲೇ ಉಳಿಸುವುದು: ಬರ್ಮಿಂಗ್‌ಹ್ಯಾಮ್‌ನ ಅಕ್ಕಸಾಲೆಯೊಂದರ ಅಧ್ಯಯನ

ಕಸುಬು ನಿಂತ ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಅದನ್ನು ಶುಚಿಗೊಳಿಸುತ್ತಾರೆ. ಹತ್ಯಾರಗಳನ್ನು ಉಜ್ಜಿ, ವಿಂಗಡಿಸಿ, ಗಾಜಿನ ಕಪಾಟಿನಲ್ಲಿ ಜೋಡಿಸುತ್ತಾರೆ. ವಸ್ತುಗಳು ಉಳಿಯುತ್ತವೆ, ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬುದು ಅಳಿಸಿಹೋಗುತ್ತದೆ. ಕಾರ್ಯಾಗಾರದ ಚರಿತ್ರೆಗೆ ಈ ನೆರೆಹೊರೆಯೇ ಮುಖ್ಯ ಆಕರ ಎಂಬುದು ಪ್ರಸ್ತುತ ಲೇಖನದ ವಾದ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳ್ಳಿ, ಚಿನ್ನಗಳ ಶುದ್ಧತೆಯನ್ನು ಪರೀಕ್ಷಿಸುವ ಕಚೇರಿ 1773ರಲ್ಲೇ ಸ್ಥಾಪನೆಯಾಯಿತು. ಲಂಗರು ಅದರ ಮುದ್ರೆ. ಅದೇ ಊರಿನ ಆಭರಣಕಾರರ ಬಡಾವಣೆಯ ವೈಸ್ ಸ್ಟ್ರೀಟಿನಲ್ಲಿ ಚಿನ್ನದ ಬಳೆ, ಕಡಗಗಳನ್ನು ತಯಾರಿಸುತ್ತಿದ್ದ ಸ್ಮಿತ್ ಅಂಡ್ ಪೆಪ್ಪರ್ 1899ರಲ್ಲಿ ಆರಂಭವಾದ ಸಂಸ್ಥೆ. ವಯಸ್ಸಾದ ಒಡೆಯರು 1981ರಲ್ಲಿ ನಿವೃತ್ತರಾಗಿ ಬಾಗಿಲು ಹಾಕಿದಾಗ ಅಚ್ಚು, ಅರ, ಮೇಲಂಗಿ, ಚಹಾದ ಕಪ್ಪುಗಳೆಲ್ಲ ಒಳಗೇ ಉಳಿದವು. ಆ ಸ್ಥಿತಿಯನ್ನು ಬಹುಮಟ್ಟಿಗೆ ಹಾಗೆಯೇ ಕಾಪಾಡಿಕೊಂಡು 1992ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ಕೆಲಸದ ಮೇಜನ್ನೇ ಗಮನಿಸೋಣ. ಕುಶಲಕರ್ಮಿ ಕೂರುವ ಕಡೆ ಹಲಗೆಯನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿದ್ದಾರೆ. ಅದರ ಕೆಳಗೆ ತೊಗಲೊಂದು ಮಡಿಲಿನಂತೆ ಜೋತುಬಿದ್ದಿದೆ. ಅರ ಹಾಕುವಾಗ ಉದುರುವ ಚಿನ್ನದ ಪುಡಿ ಅದರಲ್ಲಿ ಬೀಳಬೇಕು. ನೆಲದ ಕಸವನ್ನೂ ಸುಮ್ಮನೆ ಎಸೆಯುವಂತಿರಲಿಲ್ಲ. ಅದರಿಂದಲೂ ಚಿನ್ನ ತೆಗೆಯುತ್ತಿದ್ದರು. ಗಾಜಿನ ಕಪಾಟಿಗೆ ಹೋದರೆ ಆ ತೊಗಲು ಬರಿಯ ತೊಗಲು. ಮೇಜಿನ ಕೆಳಗಿದ್ದರೆ ಕೂತವನ ಭಂಗಿ, ಒಡೆಯನ ಲೆಕ್ಕಾಚಾರ, ಲೋಹದ ಬೆಲೆ ಮೂರನ್ನೂ ಹೇಳುತ್ತದೆ.

ಕನ್ನಡ ನಾಡಿಗೆ ಈ ಲೆಕ್ಕಾಚಾರ ಹೊಸತಲ್ಲ. ಧಾರವಾಡ ಸೀಮೆಯ ಜಲಗಾರರು ಕಪ್ಪತಗುಡ್ಡದ ಹಳ್ಳಗಳ ಮರಳನ್ನೂ ಅಕ್ಕಸಾಲಿಗರ ಅಂಗಡಿಯ ಕಸವನ್ನೂ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. ಅಕ್ಕಸಾಲೆಯ ಚರಿತ್ರೆ ಬರೆಯುವವರು ಒಡವೆಯ ಜೊತೆಗೆ ಆ ಕಸದ ದಾರಿಯನ್ನೂ ಹಿಂಬಾಲಿಸಬೇಕು.

ಇಂಥ ಸಂರಕ್ಷಣೆಗೂ ಮಿತಿಯುಂಟು. ಮೇಜು ಉಳಿಯಬಹುದು, ಕೈಯ ಹದ ತಾನಾಗಿ ಉಳಿಯದು. ವೈಸ್ ಸ್ಟ್ರೀಟಿನಲ್ಲಿ ನೋಡುಗರ ಮುಂದೆ ಕೆಲಸ ಮಾಡಿ ತೋರಿಸುವ ಪದ್ಧತಿ ಬೆಳೆದದ್ದು ಈ ಕೊರತೆಯನ್ನು ಅಷ್ಟಿಷ್ಟು ತುಂಬುತ್ತದೆ.

ನಮ್ಮ ಪೇಟೆಗಳಲ್ಲಿ ಮುಚ್ಚುತ್ತಿರುವ ಅಕ್ಕಸಾಲೆ, ಕುಲುಮೆ, ಮುದ್ರಣಾಲಯಗಳಿಗೂ ಇದು ದಾರಿ ತೋರಬಲ್ಲದು. ಬೀಗ ಬಿದ್ದ ದಿನವೇ ಕೋಣೆಯ ನಕ್ಷೆ ಬರೆಯಬೇಕು, ಯಾವ ಹತ್ಯಾರ ಎಲ್ಲಿತ್ತೆಂದು ಗುರುತಿಸಬೇಕು, ಅದನ್ನು ಹಿಡಿದವರಿಂದಲೇ ಅದರ ಹೆಸರು ಕೇಳಿ ಬರೆದುಕೊಳ್ಳಬೇಕು. ಪೊರಕೆ ಹಿಡಿಯುವುದು ಆಮೇಲೆ.