ವಿತ್ ದ ಮರೀನ್ಸ್ ಅಟ್ ತರಾವಾ

ಎರಡನೆಯ ಮಹಾಯುದ್ಧದ ಅಮೆರಿಕನ್ ಕಿರು ಸಾಕ್ಷ್ಯಚಿತ್ರ (1944). ಪೆಸಿಫಿಕ್ ಸಾಗರದ ತರಾವಾ ಹವಳದ್ವೀಪ ಸಮೂಹದ ಬೇಟಿಯೋ ದ್ವೀಪದಲ್ಲಿ (ಇಂದಿನ ಕಿರಿಬಾಟಿ) 1943ರ ನವೆಂಬರ್ 20ರಿಂದ 23ರವರೆಗೆ ಜಪಾನಿ ಪಡೆಯೊಂದಿಗೆ ನಡೆದ ಕದನವನ್ನು ಮರೀನ್ ದಳದ ಛಾಯಾಗ್ರಾಹಕರೇ ರಣರಂಗದಲ್ಲಿ ಚಿತ್ರೀಕರಿಸಿದರು. ಲೂಯಿ ಹೇವರ್ಡ್ ಛಾಯಾಗ್ರಹಣ ವಿಭಾಗದ ಅಧಿಕಾರಿ ಹಾಗೂ ಚಿತ್ರದ ನಿರ್ದೇಶಕ. ನಾರ್ಮನ್ ಹ್ಯಾಚ್ ಪ್ರಮುಖ ಛಾಯಾಗ್ರಾಹಕ.

ಹ್ಯಾಚ್ ಬಳಸಿದ್ದು ಕೀಲಿ ಕೊಟ್ಟು ನಡೆಸುವ 35 ಮಿಮೀ ಐಮೋ ಕ್ಯಾಮೆರಾ. ಅದರ 100 ಅಡಿಯ ಸುರುಳಿಯಲ್ಲಿ ಸುಮಾರು ಒಂದು ನಿಮಿಷದ ದೃಶ್ಯ ಮಾತ್ರ ಸೆರೆಯಾಗುತ್ತಿತ್ತು. ಗುಂಡಿನ ಸುರಿಮಳೆಯ ನಡುವೆಯೇ ಸುರುಳಿ ಬದಲಿಸಬೇಕಿತ್ತು. ಕೋಟೆಮನೆಯೊಂದರಿಂದ ಹೊರಬಿದ್ದ ಜಪಾನಿ ಸೈನಿಕರನ್ನೂ ಎದುರಿನ ಮರೀನರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದ ಅವರ ದೃಶ್ಯ ಯುದ್ಧ ಛಾಯಾಗ್ರಹಣದಲ್ಲಿ ಅತ್ಯಪರೂಪದ್ದು.

ನೀರಿನಲ್ಲಿ ತೇಲುವ, ಮರಳಿನಲ್ಲಿ ಬಿದ್ದಿರುವ ಅಮೆರಿಕನ್ ಯೋಧರ ಶವಗಳನ್ನು ಚಿತ್ರ ಮರೆಮಾಚಲಿಲ್ಲ. ಈ ಕದನದಲ್ಲಿ ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಮಡಿದಿದ್ದರು. ಜಪಾನಿ ಕಾವಲು ಪಡೆ ಬಹುತೇಕ ನಿರ್ನಾಮವಾಗಿತ್ತು. ಇಂಥ ದೃಶ್ಯಗಳ ಸಾರ್ವಜನಿಕ ಪ್ರದರ್ಶನಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಅವರ ಅನುಮತಿಯೇ ಬೇಕಾಯಿತು. ಗೆಲುವಿಗೆ ತೆತ್ತ ಬೆಲೆಯನ್ನು ನಾಡಿನ ಜನರ ಮುಂದಿಟ್ಟ ಈ ಪ್ರಾಮಾಣಿಕತೆಯೇ ಚಿತ್ರದ ದೊಡ್ಡ ಗುಣ. 1945ರಲ್ಲಿ ಇದು ಅತ್ಯುತ್ತಮ ಕಿರು ಸಾಕ್ಷ್ಯಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆಯಿತು.